ಬಂಜರು ನೆಲದಲ್ಲಿ ಊರು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ



ಶತಮಾನೋತ್ಸವವೆಂದರೆ ಹಿಂದಿನವರ ದುಡಿಮೆಯನ್ನು ನೆನೆಯುವ ಕಾಲ. ಈ ಸಂದರ್ಭದಲ್ಲಿ, ಕನ್ನಡ ನಾಡಿನ ಮಣ್ಣಿನಲ್ಲಿ ಹುಟ್ಟಿ ಕಬ್ಬಿಣವನ್ನು ರೈತನ ಗೆಳೆಯನನ್ನಾಗಿ ಮಾಡಿದ ಒಬ್ಬ ಮಹನೀಯರ ಜೀವನವನ್ನು ತಮ್ಮ ಮುಂದೆ ಇಡಬಯಸುತ್ತೇನೆ. ಅವರೇ ಲಕ್ಷ್ಮಣರಾವ್ ಕಿರ್ಲೋಸ್ಕರ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಅವರ ಜನನವಾಯಿತು. ಚಿತ್ರಕಲೆಯಲ್ಲಿ ಒಲವಿದ್ದ ಅವರು 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಗೊತ್ತಾಗಿ ಕುಂಚವನ್ನು ಕೆಳಗಿಡಬೇಕಾಯಿತು. ಅವರು ಎದೆಗುಂದಲಿಲ್ಲ. ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಕಿರಲಿಲ್ಲ. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದನ್ನೇ ಕಲಿತು, ಅಲ್ಲಿಯೇ ಶಿಕ್ಷಕರಾದರು. ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಆ ನೌಕರಿಯನ್ನು ತೊರೆದು ಬೆಳಗಾವಿಗೆ ಮರಳಿದರು. ಅಣ್ಣ ರಾಮಚಂದ್ರರಾಯರೊಡನೆ 1888ರಲ್ಲಿ ಆರಂಭಿಸಿದ ಸೈಕಲ್ ಅಂಗಡಿಯೇ ಅವರ ಉದ್ಯಮದ ಬೀಜ.

ಅಂಗಡಿಯಿಂದ ಅವರ ದೃಷ್ಟಿ ಹೊಲದತ್ತ ಹರಿಯಿತು. ಮೊದಲು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಹೆದರಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು! ನಮ್ಮ ಕಡೆಯ ಎರೆಭೂಮಿಯಲ್ಲಿ ತೊಗರಿ, ಜೋಳ ಬೆಳೆಯುವ ಒಕ್ಕಲಿಗನಿಗೆ ಈ ಹಿಂಜರಿಕೆಯು ಅರ್ಥವಾಗದಿರದು. ಒಂದು ಹಂಗಾಮು ಕೆಟ್ಟರೆ ವರ್ಷವಿಡೀ ಮನೆಯ ಒಲೆ ಕೆಡುವುದು. ಆದ್ದರಿಂದ ರೈತನನ್ನು ಮೂಢನೆಂದು ಜರೆದರೆ ಫಲವಿಲ್ಲ. ನೇಗಿಲು ಮಣ್ಣಿನಲ್ಲಿ ನಡೆದು ತನ್ನ ಗುಣವನ್ನು ತಾನೇ ತೋರಿಸಬೇಕಾಗಿತ್ತು. ಮಾಡಿದವನು ಅಲ್ಲಿಯವರೆಗೆ ತಾಳಬೇಕಾಗಿತ್ತು.

ಕೆಲಸವು ನೆಲೆಗೊಳ್ಳುತ್ತಿರುವಾಗಲೇ ಬೆಳಗಾವಿಯ ಪುರಸಭೆಯು ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಲು ಹೇಳಿತು. ನೆಲೆ ತಪ್ಪಿದ ಅವರಿಗೆ ಔಂಧ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಆಸರೆಯಾದರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿಯೂ ಹಾವುಗಳೂ ತುಂಬಿದ್ದ ಆ ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಕಾರ್ಖಾನೆಯ ಜೊತೆಯಲ್ಲಿಯೇ ಕೆಲಸಗಾರರ ಮನೆಗಳೂ ಎದ್ದವು. ಊರಿನ ವ್ಯವಸ್ಥೆಯ ಹೊಣೆಯನ್ನು ಅಣ್ಣ ರಾಮಚಂದ್ರರಾಯರು ಹೊತ್ತರು.

ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಹೊರಬಂದವರನ್ನೂ ಲಕ್ಷ್ಮಣರಾಯರು ಕೆಲಸಕ್ಕೆ ತೆಗೆದುಕೊಂಡರು. ಅಂಥವರಿಗೇ ರಾತ್ರಿಯ ಕಾವಲನ್ನೂ ಒಪ್ಪಿಸಿದರು! ಸಮಾಜವು ಹೊರಗಟ್ಟಿದವನ ಕೈಯಲ್ಲಿ ಊರಿನ ರಕ್ಷಣೆಯನ್ನಿಡಲು ಬಂಡವಾಳಕ್ಕಿಂತ ದೊಡ್ಡದಾದ ಧೈರ್ಯ ಬೇಕು.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ನೇಗಿಲಿನ ಹಿಂದೆ ನೀರೆತ್ತುವ ಪಂಪುಗಳು ಬಂದವು. ಮಗ ಶಂತನುರಾಯರ ಕಾಲದಲ್ಲಿ ಈ ಉದ್ಯಮವು ಹರಿಹರ, ಬೆಂಗಳೂರು, ಪುಣೆಗಳಿಗೂ ಹಬ್ಬಿತು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅದೇ ವರ್ಷದ ನವೆಂಬರ್ 1ರಂದು ನಮ್ಮ ಬೀದರ ಜಿಲ್ಲೆಯೂ ಅವರ ಹುಟ್ಟೂರೂ ಒಂದೇ ರಾಜ್ಯದೊಳಗೆ ಸೇರಿದವು. 1969ರಲ್ಲಿ, ಅವರ ಜನ್ಮಶತಾಬ್ದಿಯಂದು, ಅಂಚೆ ಇಲಾಖೆಯು ಅವರ ಸ್ಮಾರಕ ಅಂಚೆಚೀಟಿಯನ್ನು ಹೊರಡಿಸಿತು.

ಬಂಧುಗಳೇ, ಕಾರ್ಖಾನೆಯೆಂದರೇನೆಂಬುದು ಹಳ್ಳಿಖೇಡಕ್ಕೆ ಹೊಸತಲ್ಲ. ಬೀದರ ಸಹಕಾರಿ ಸಕ್ಕರೆ ಕಾರ್ಖಾನೆಯೊಡನೆ ಈ ಊರಿನ ಹೆಸರು ಬೆಸೆದುಕೊಂಡಿದೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವೇ ಇದೆ. ಹೀಗಿದ್ದರೂ ನಮ್ಮ ತರುಣರು ಹೈದರಾಬಾದು, ಪುಣೆಗಳ ಹಾದಿ ಹಿಡಿಯುವುದನ್ನು ನಾವು ಕಾಣುತ್ತಿದ್ದೇವೆ. ಹೊಗೆಕೊಳವೆಗಳ ಎಣಿಕೆಯಿಂದ ಒಂದು ಸೀಮೆಯ ಏಳಿಗೆಯನ್ನು ಅಳೆಯಲಾಗದು. ಉದ್ಯಮವೊಂದು ನೆಲವನ್ನು ಕೇಳಲು ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳಿವೆ: ಇಲ್ಲಿ ದುಡಿಯುವವನಿಗೆ ಮನೆ ಎಲ್ಲಿ? ಅವನ ಮಕ್ಕಳಿಗೆ ಶಾಲೆ ಯಾವುದು? ನಮ್ಮ ನೀರು ನಾಳೆಯೂ ಕುಡಿಯುವಂತಿರುವುದೇ? ಕೇರಿಯ ಕೊನೆಯ ಮನೆಯವನಿಗೂ ಬಾಗಿಲು ತೆರೆದಿದೆಯೇ?

ಕಳ್ಳಿ ಬೆಳೆದ 32 ಎಕರೆಯಲ್ಲಿ ಒಬ್ಬರು ಊರನ್ನೇ ಕಟ್ಟಿ ತೋರಿಸಿದರು. ನಮ್ಮ ನೆಲವಾದರೋ ಅನ್ನ ಕೊಡುವ ನೆಲ. ಅದರ ಮೇಲೆ ಏನನ್ನು ಕಟ್ಟಬೇಕೆಂಬ ವಿವೇಕವು ನಮ್ಮ ಮಕ್ಕಳಿಗೆ ದೊರೆಯಲೆಂದು ಹಾರೈಸುತ್ತೇನೆ.