ಉದ್ಯಾನವಿಹಾರ

ನಮ್ಮ ಹಳೆಯ ಲಾಕ್ಷಣಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ್ದಾರೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ ಮೊದಲಾದವುಗಳ ಸಾಲಿನಲ್ಲಿ ಉದ್ಯಾನವಿಹಾರಕ್ಕೂ ಒಂದು ಸ್ಥಾನವುಂಟು. ಮೂವತ್ತೈದು ವರ್ಷ ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳಿದ ನಾನು ಈ ಪಟ್ಟಿಯನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಕಿಂಶುಕವೆಂದರೆ ಮುತ್ತುಗ, ಶಾಲ್ಮಲಿಯೆಂದರೆ ಬೂರುಗ, ಬಕುಳವೆಂದರೆ ರಂಜ, ಪಾಟಲಿಯೆಂದರೆ ಪಾದರಿ ಎಂದು ಅರ್ಥ ಬರೆಯಿಸುತ್ತಿದ್ದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅದನ್ನೇ ನನಗೆ ಹಿಂದಿರುಗಿಸುತ್ತಿದ್ದರು, ನಾನು ಅಂಕ ಕೊಡುತ್ತಿದ್ದೆ. ಈ ವ್ಯವಹಾರದಲ್ಲಿ ಮರವೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ನಾನಾಗಲಿ ಅವರಾಗಲಿ ಮುತ್ತುಗವನ್ನು ಇದು ಮುತ್ತುಗವೆಂದು ಗುರುತಿಸಬಲ್ಲವರಾಗಿರಲಿಲ್ಲ. ನನ್ನ ಮನೆ ಮಾತ್ರ ಆಗಲೂ ಈಗಲೂ ಲಾಲ್‌ಬಾಗಿನ ಪಶ್ಚಿಮದ ಬಾಗಿಲಿಗೆ ಅರ್ಧ ಮೈಲಿ.

ಬೆಂಗಳೂರಿನ ಶ್ರೋತೃಗಳಿಗೆ ಲಾಲ್‌ಬಾಗನ್ನು ಪರಿಚಯಿಸಬೇಕಾಗಿಲ್ಲ. 1760ರಲ್ಲಿ ಹೈದರಾಲಿ ತೊಡಗಿಸಿದ ತೋಟ. ಟಿಪ್ಪು ಹೊರನಾಡುಗಳಿಂದ ಗಿಡಬೀಜಗಳನ್ನು ತರಿಸಿ ಬೆಳೆಸಿದ ತೋಟ. ಇಂದು ಸುಮಾರು 240 ಎಕರೆ ಹಬ್ಬಿಕೊಂಡಿದೆ. ಅದರ ನಡುವಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯ ಮೇಲಿರುವ ಕೆಂಪೇಗೌಡನ ಗೋಪುರವೂ ಆ ವಯಸ್ಸಿನ ಮುಂದೆ ನಿನ್ನೆಯದು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಊರಿಗೆ ಊರೇ ನೆರೆಯುತ್ತದೆ. ನಾನೂ ವರ್ಷ ವರ್ಷವೂ ಹೋಗಿದ್ದೇನೆ. ಸರದಿಯಲ್ಲಿ ನಿಂತು, ಜನರ ಹೆಗಲ ಮೇಲಿನಿಂದ ಹೂವಿನ ಗೋಪುರಗಳನ್ನು ನೋಡಿ, ಬಾಗಿಲಲ್ಲಿ ಕಡಲೆಕಾಯಿ ಕೊಂಡು ಮನೆಗೆ ಬಂದಿದ್ದೇನೆ. ಅದು ಜಾತ್ರೆ. ಜಾತ್ರೆ ಬೇಕು, ನಾನು ಬೇಡವೆನ್ನುವವನಲ್ಲ. ಆದರೆ ಜಾತ್ರೆಗೆ ಹೋದವನು ದೇವರನ್ನು ಎಷ್ಟು ಕಂಡಾನು!

ನಿವೃತ್ತಿಯಾದ ಮೇಲೆ, ಫೆಬ್ರವರಿಯ ಒಂದು ಭಾನುವಾರ, ಐದನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮೊಮ್ಮಗಳು ನನ್ನನ್ನು ಅಲ್ಲಿ ಮರಗಳನ್ನು ತೋರಿಸುವ ಒಂದು ನಡಿಗೆಗೆ ಎಳೆದುಕೊಂಡು ಹೋದಳು. ಇಪ್ಪತ್ತು ಜನ ಇದ್ದರು. ಮುಂದೆ ನಡೆಯುತ್ತಿದ್ದ ತರುಣ ಬಹಳ ತಿಳಿದವನು; ಎಲೆಯನ್ನು ಮೂಸಿಸಿದ, ತೊಗಟೆಯನ್ನು ಮುಟ್ಟಿಸಿದ, ಬೀಜವನ್ನು ಮಕ್ಕಳ ಅಂಗೈಯಲ್ಲಿಟ್ಟ. ಹೆಸರುಗಳನ್ನೆಲ್ಲ ಇಂಗ್ಲಿಷಿನಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಹೇಳುತ್ತ ಹೋದ. ನನ್ನೊಳಗಿನ ಕನ್ನಡ ಮೇಷ್ಟ್ರು ಎಷ್ಟು ಹೊತ್ತು ಸುಮ್ಮನಿದ್ದಾನು? "ಕನ್ನಡದಲ್ಲಿ ಇದಕ್ಕೆ ಏನನ್ನುತ್ತಾರೆ?" ಎಂದು ಕೇಳಿದೆ. ಆ ಹುಡುಗ ಸಂಕೋಚದಿಂದ, "ಎಲ್ಲ ನನಗೆ ಗೊತ್ತಿಲ್ಲ ಸರ್, ನೀವೇ ಹೇಳಿಕೊಡಿ" ಎಂದ. ಇಪ್ಪತ್ತು ಜನವೂ ನನ್ನ ಕಡೆ ತಿರುಗಿದರು. ಮೊಮ್ಮಗಳ ಮುಖದಲ್ಲಂತೂ ಹೆಮ್ಮೆ. ಎದುರಿಗೆ ಒಂದು ಎತ್ತರದ ಮರ, ಕೊಂಬೆಗಳ ತುದಿಯಲ್ಲೆಲ್ಲ ಬೆಂಕಿಯ ಬಣ್ಣದ ಹೂವು. ನನ್ನ ತಲೆಯಲ್ಲಿ ವಸಂತವರ್ಣನೆಗಳೆಲ್ಲ ಒಮ್ಮೆಗೇ ಎದ್ದು ನಿಂತವು. "ಇದೇ ಮುತ್ತುಗ, ಕವಿಗಳು ಕಿಂಶುಕವೆಂದು ಕರೆದದ್ದು ಇದನ್ನೇ" ಎಂದುಬಿಟ್ಟೆ. ಕೆಲವರು ಬರೆದುಕೊಂಡರು.

ಪಕ್ಕದಲ್ಲಿ ತರಗು ಗುಡಿಸುತ್ತಿದ್ದ ವಯಸ್ಸಾದ ಮಾಲಿ ಪೊರಕೆ ನಿಲ್ಲಿಸಿ, ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದರು: "ಇದು ಮುತ್ಗ ಅಲ್ಲ ಸ್ವಾಮಿ, ನೀರ್ಕಾಯಿ ಮರ. ಮುತ್ಗದ ಎಲೆ ಮೂರ್ ಮೂರು ಇರ್ತವೆ. ನೀವು ಅದರಾಗೆ ಉಂಡಿಲ್ವಾ?"

ಉಂಡಿಲ್ಲವೆ! ತುಮಕೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಮದುವೆ ಮುಂಜಿಗಳಿಗೆ ಮುತ್ತುಗದ ಎಲೆಯನ್ನೇ ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ನಮ್ಮ ಅಜ್ಜಿ ಹಚ್ಚುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ನನ್ನ ಬಾಲ್ಯದ ಊಟದೆಲೆಯೂ ನನ್ನ ಪಾಠದ ಕಿಂಶುಕವೂ ಒಂದೇ ಮರದವು ಎಂಬುದು ಮೂವತ್ತೈದು ವರ್ಷ ನನ್ನ ಮನಸ್ಸಿಗೆ ಹೊಳೆದಿರಲಿಲ್ಲ. ನಾನು ತೋರಿಸಿದ ಮರವಾದರೋ ಆಫ್ರಿಕದಿಂದ ಬಂದದ್ದು. ಅದರ ಮೊಗ್ಗನ್ನು ಹಿಸುಕಿದರೆ ನೀರು ಪಿಚಕಾರಿಯಂತೆ ಚಿಮ್ಮುತ್ತದೆ. ಮಕ್ಕಳು ಅದಕ್ಕಿಟ್ಟಿರುವ ಇನ್ನೊಂದು ಹೆಸರನ್ನು ಬಾನುಲಿಯಲ್ಲಿ ಹೇಳುವಂತಿಲ್ಲ, ಕೇಳುವವರು ಊಹಿಸಿಕೊಳ್ಳಬೇಕು.

ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡೆ. ಬರೆದುಕೊಂಡವರು ಹೊಡೆದುಹಾಕಿದರು. ಮಾಲಿಯವರು ನಮ್ಮನ್ನು ಬೇರೊಂದು ಕಡೆಗೆ ಕರೆದೊಯ್ದು ನಿಜವಾದ ಮುತ್ತುಗವನ್ನು ತೋರಿಸಿದರು: ಎಲೆಯೆಲ್ಲ ಉದುರಿದ ಸೊಟ್ಟ ಮರ, ಕಪ್ಪು ತೊಟ್ಟಿನಿಂದ ಹೊರಟ ಗಿಣಿಯ ಕೊಕ್ಕಿನಂಥ ಹೂವು. ಕಿಂಶುಕವೆಂದರೆ 'ಇದೇನು ಗಿಣಿಯೋ?' ಎಂದು ಪಂಡಿತರು ಬಿಡಿಸುವ ಅರ್ಥವನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆ; ಆ ಪ್ರಶ್ನೆ ನನ್ನ ಬಾಯಿಂದ ತಾನಾಗಿ ಬಂದದ್ದು ಅಂದೇ. ಶಾಸ್ತ್ರ ಆ ತರುಣನಲ್ಲಿತ್ತು, ಶಬ್ದ ನನ್ನಲ್ಲಿತ್ತು, ಮರ ಮಾಲಿಯವರಲ್ಲಿತ್ತು. ಮೂವರೂ ಅಷ್ಟು ದಿನ ಒಂದೇ ತೋಟದಲ್ಲಿ ಓಡಾಡಿಕೊಂಡಿದ್ದೆವು.

ಅಂದಿನಿಂದ ನಾನು ಲಾಲ್‌ಬಾಗಿನ ವಿದ್ಯಾರ್ಥಿ. ಬೆಂಗಳೂರಿನ ಹೂಮರಗಳಲ್ಲಿ ಬಹುಪಾಲು ವಲಸೆ ಬಂದವು ಎಂಬುದನ್ನು ತಡವಾಗಿ ಅರಿತೆ. 1908ರಲ್ಲಿ ಬರೋಡೆಯಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಸಾಹೇಬರು, ಒಂದು ಸಾಲಿನ ಮರಗಳ ಹೂವು ಮುಗಿಯುವಾಗ ಇನ್ನೊಂದು ಸಾಲು ಅರಳಬೇಕೆಂದು ಯೋಚಿಸಿ ಬೀದಿಮರಗಳನ್ನು ಹಾಕಿಸಿದರಂತೆ. ಇದೂ ಒಂದು ಬಗೆಯ ಋತುವರ್ಣನೆಯೇ. ಮಡಗಾಸ್ಕರಿನ ಗುಲ್‌ಮೊಹರಿಗೆ, ಕಾಯಿಯಿಂದ ಕತ್ತಿವರಸೆ ಆಡಿದ ಹುಡುಗರು ಕತ್ತಿಕಾಯಿ ಮರವೆಂದರು. ದಕ್ಷಿಣ ಅಮೆರಿಕದಿಂದ ಬಂದ ಒಂದು ಮರದ ಹೂವಿನಲ್ಲಿ ನಮ್ಮ ಜನ ಹೆಡೆಯನ್ನೂ ಲಿಂಗವನ್ನೂ ಕಂಡು ನಾಗಲಿಂಗಪುಷ್ಪವೆಂದು ಕರೆದು ಪೂಜೆಗೂ ಏರಿಸಿದರು. ಹೆಸರಿಟ್ಟ ಗಳಿಗೆಯಲ್ಲಿ ಆ ಮರ ನಮ್ಮದಾಯಿತು. ಟಬೂಬಿಯಕ್ಕೆ ಮಾತ್ರ ಜನರೇ ಇಟ್ಟ ಹೆಸರೊಂದು ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ. ಸರ್ಕಾರ ಇಟ್ಟರೆ ನಿಲ್ಲುವುದಿಲ್ಲ. 1870ರಲ್ಲಿ ಸ್ಯಾಂಕಿ ನಿರ್ಮಿಸಿದ ಉದ್ಯಾನಕ್ಕೆ 1927ರಲ್ಲಿ ಚಾಮರಾಜೇಂದ್ರರ ಹೆಸರನ್ನಿಟ್ಟರೂ ಅದು ಜನರ ಬಾಯಲ್ಲಿ ಕಬ್ಬನ್ ಪಾರ್ಕಾಗಿಯೇ ಉಳಿಯಲಿಲ್ಲವೆ?

ಆ ಕಬ್ಬನ್ ಪಾರ್ಕಿನಲ್ಲಿಯೂ ಈಗ ಹೊಸ ಬಗೆಯ ಕೂಟಗಳುಂಟು. 2023ರಿಂದೀಚೆಗೆ ಶನಿವಾರಗಳಲ್ಲಿ ತರುಣ ತರುಣಿಯರು ಮರದಡಿ ಚಾಪೆ ಹಾಸಿ ಪುಸ್ತಕ ಹಿಡಿದು ಮಾತಿಲ್ಲದೆ ಓದುತ್ತ ಕೂರುವುದನ್ನು ಕಂಡು, ಗ್ರಂಥಾಲಯದಲ್ಲಿ ಸದ್ದಡಗಿಸಲು ಆಯುಷ್ಯ ಸವೆಸಿದ ನನಗೆ ಕಣ್ಣು ತುಂಬಿತು. ಲಾಲ್‌ಬಾಗಿನಲ್ಲಂತೂ ಹಕ್ಕಿ ನೋಡುವವರು 1970ರ ದಶಕದ ಮೊದಲಿನಿಂದ ತಿಂಗಳ ಎರಡನೆಯ ಭಾನುವಾರ ಸೇರುತ್ತ ಬಂದಿದ್ದಾರೆ. ಅವರ ಜೊತೆ ಬೆಳಗಿನ ಹೊತ್ತು ಹೂವಾದ ಬೂರುಗದ ಕೆಳಗೆ ನಿಲ್ಲಬೇಕು. ಎಲೆಯಿಲ್ಲದ ಕೊಂಬೆ; ಬಟ್ಟಲಿನಂಥ ದಪ್ಪ ಕೆಂಪು ಹೂವು; ಮಧುವಿಗಾಗಿ ಗೊರವಂಕ, ಕಾಜಾಣ, ಕಾಗೆ, ಅಳಿಲುಗಳ ಜಗಳ. ನಮ್ಮ ಕಾವ್ಯಗಳ ಉದ್ಯಾನದಲ್ಲಿ ಕೋಗಿಲೆಗೂ ದುಂಬಿಗೂ ಇರುವ ಪ್ರವೇಶ ಕಾಗೆಗಿಲ್ಲ. ಬೂರುಗ ಅಷ್ಟು ಮಡಿವಂತವಲ್ಲ. ಅಲ್ಲಿ ಅರ್ಧ ಗಂಟೆ ಕತ್ತೆತ್ತಿ ನಿಂತ ಮಕ್ಕಳಿಗೆ ಶಾಲ್ಮಲಿಯ ಅರ್ಥವನ್ನು ಬರೆಯಿಸಬೇಕಾಗಿಲ್ಲ.

ಈ ಕೂಟಗಳ ಬಗ್ಗೆ ನನಗೊಂದು ಕೊರಗೂ ಇದೆ. ತೋಟವನ್ನು ಪ್ರೀತಿಸುವವರೆಲ್ಲ ಅಲ್ಲಿ ಸೇರುತ್ತೇವೆ. ತೋಟದಲ್ಲಿ ದುಡಿಯುವವರು ಮಾತ್ರ ನಾವು ಹಾದುಹೋಗಲೆಂದು ಪೊರಕೆ ಹಿಡಿದು ಪಕ್ಕಕ್ಕೆ ಸರಿಯುತ್ತಾರೆ. ಕನಕಪುರದ ಕಡೆಯಿಂದ ಬಂದ ಆ ಮಾಲಿಯವರ ಜ್ಞಾನ ಯಾವ ಪಟ್ಟಿಯಲ್ಲಿಯೂ ಇಲ್ಲ. ಮರಕ್ಕೆ ಹೊಡೆದ ತಗಡಿನಲ್ಲಿ ಲ್ಯಾಟಿನ್ ಹೆಸರಿರುತ್ತದೆ; ಅವರ ಬಾಯಿಯ ಹೆಸರು ಅವರ ಜೊತೆಯೇ ಮನೆಗೆ ಹೋಗುತ್ತದೆ. ಅವರ ಮಗ ಬಾಡಿಗೆ ಕಾರು ಓಡಿಸುತ್ತಾನೆ. ಮುತ್ತುಗವನ್ನು ಅವನು ನನ್ನಷ್ಟೇ ಬಲ್ಲ. ನಾವು ಈಗ ಐದಾರು ಜನ ಮುದುಕರೂ ಕೆಲವು ಮಕ್ಕಳೂ ತಿಂಗಳಿಗೊಮ್ಮೆ ಅವರ ಕೆಲಸ ಮುಗಿಯುವ ಹೊತ್ತಿಗೆ ಹೋಗಿ, ಕಾಫಿ ಕುಡಿದು, ಅವರ ಹಿಂದೆ ನಡೆಯುತ್ತೇವೆ. ಅವರು ಹೇಳುತ್ತಾರೆ, ಮೊಮ್ಮಗಳು ಬರೆಯುತ್ತಾಳೆ, ಆ ತರುಣ ಪಕ್ಕದಲ್ಲಿ ಲ್ಯಾಟಿನ್ ಸೇರಿಸುತ್ತಾನೆ. ಪುಸ್ತಕದಲ್ಲಿ 41 ಹೆಸರುಗಳಾಗಿವೆ. ಅವುಗಳಲ್ಲಿ ಒಂಬತ್ತು ನನ್ನ ನಿಘಂಟುಗಳಲ್ಲಿ ಸಿಗಲಿಲ್ಲ.

ಪಾದರಿಯನ್ನು ಮಾತ್ರ ಇನ್ನೂ ನೋಡಿಲ್ಲ. ಕೇಳಿದಾಗ ಮಾಲಿಯವರು ಸ್ವಲ್ಪ ಯೋಚಿಸಿ, "ನಮ್ಮೂರ ಗುಡ್ಡದಾಗೆ ಒಂದೈತೆ ಸ್ವಾಮಿ. ಬೇಸ್ಗೇಲಿ ಹೂ ಬಿಡ್ತದೆ, ಬೆಳಿಗ್ಗೆ ಹೋದ್ರೆ ನೆಲದ ಮ್ಯಾಲೆಲ್ಲ ಬಿದ್ದಿರ್ತದೆ. ಆವಾಗ ಹೋಗಾನ" ಎಂದರು. ಕವಿಗಳೂ ಪಾಟಲಿಯನ್ನು ಗ್ರೀಷ್ಮದಲ್ಲಿಯೇ ಅರಳಿಸಿದ್ದಾರೆ. ಬರುವ ಬೇಸಿಗೆಗೆ ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿದೆ. ಮೊಮ್ಮಗಳು ಪುಸ್ತಕದಲ್ಲಿ 42ನೆಯ ಸಂಖ್ಯೆಯನ್ನು ಬರೆದು ಮುಂದೆ ಜಾಗ ಬಿಟ್ಟಿದ್ದಾಳೆ.