ಕಸ ಎಲ್ಲಿಂದ ಬರುತ್ತದೆ, ಯಾರ ಕೈಗೆ ಹೋಗುತ್ತದೆ?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣ)



ಎಂ.ಟೆಕ್ ಓದಿ ಐಟಿ ಕಂಪನಿಯಲ್ಲಿ ದುಡಿಯುವವಳು ಕಸದ ಬಗ್ಗೆ ಏನು ಹೇಳುತ್ತಾಳೆ ಎಂದು ನಿಮಗೆ ಅನಿಸಬಹುದು. ನಮ್ಮ ಸಾಫ್ಟ್‌ವೇರ್‌ನವರಲ್ಲಿ ಒಂದು ಹಳೆಯ ಮಾತಿದೆ: ಒಳಗೆ ಕಸ ಹಾಕಿದರೆ ಹೊರಗೆ ಬರುವುದೂ ಕಸವೇ. ಇವತ್ತಿನ ವಿಷಯಕ್ಕೆ ಅದು ಅಕ್ಷರಶಃ ನಿಜ.

ಘನತ್ಯಾಜ್ಯ ಮನೆ, ಹೋಟೆಲು, ತರಕಾರಿ ಮಾರುಕಟ್ಟೆ, ಅಂಗಡಿ, ಕಚೇರಿಗಳಿಂದ ಬರುತ್ತದೆ. ಕಟ್ಟಡ ಒಡೆದ ಅವಶೇಷ, ಆಸ್ಪತ್ರೆಯ ತ್ಯಾಜ್ಯ, ಹಳೆಯ ಮೊಬೈಲು-ಚಾರ್ಜರುಗಳಂಥ ಇ-ತ್ಯಾಜ್ಯದ ದಾರಿಗಳು ಬೇರೆ. ನಮ್ಮ ಊರುಗಳಲ್ಲೂ ಕಸವಿತ್ತು. ಸಿಪ್ಪೆ, ಸಗಣಿ, ಬೂದಿ ತಿಪ್ಪೆಗೆ ಹೋಗಿ, ವರ್ಷದೊಳಗೆ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಈಗ ಅದೇ ಸಿಪ್ಪೆಯ ಜೊತೆ ಹಾಲಿನ ಪ್ಯಾಕೆಟ್ಟು, ಡೈಪರು, ಬ್ಲೇಡು, ಬ್ಯಾಟರಿ ಎಲ್ಲ ಒಂದೇ ಚೀಲಕ್ಕೆ ಬೀಳುತ್ತವೆ.

ಹಸಿ ಕಸ ಒಂದೇ ಇದ್ದರೆ ಗೊಬ್ಬರವಾಗುತ್ತದೆ, ಇಲ್ಲವೇ ಬಯೋಗ್ಯಾಸ್ ಆಗುತ್ತದೆ. ಒಣ ಕಸ ಒಣಗಿಯೇ ಇದ್ದರೆ ಕಾಗದ, ಗಾಜು, ಲೋಹ, ಪ್ಲಾಸ್ಟಿಕ್ ಮತ್ತೆ ಬಳಕೆಗೆ ಬರುತ್ತವೆ. ಎರಡೂ ಬೆರೆತರೆ ಗೊಬ್ಬರದಲ್ಲಿ ಗಾಜಿನ ಚೂರು, ಕಾಗದದಲ್ಲಿ ಸಾರಿನ ಎಣ್ಣೆ. ಬೆರೆತ ಕಸದ ಬಹುಪಾಲು ಕೊನೆಗೆ ಊರಾಚೆಯ ಗುಡ್ಡೆ ಸೇರುತ್ತದೆ. ಅಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಹುಟ್ಟುತ್ತದೆ, ಬೆಂಕಿ ಹತ್ತುತ್ತದೆ, ಕಪ್ಪು ರಸ ನೆಲಕ್ಕಿಳಿಯುತ್ತದೆ. ನಮ್ಮ ಪುಣೆಯ ಕಸವನ್ನು ದಶಕಗಳ ಕಾಲ ಹೊತ್ತ ಉರುಳಿ ದೇವಾಚಿ, ಫುರಸುಂಗಿ ಹಳ್ಳಿಗಳ ಬಾವಿಗಳು ಹೀಗೆಯೇ ಕೆಟ್ಟವು. ಬೆಂಗಳೂರಿನ ಕಸಕ್ಕೆ ಮಾವಳ್ಳಿಪುರ, ಮಂಡೂರಿನವರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಗುಡ್ಡೆಯ ಮೇಲೆ ಮಣ್ಣು ಮುಚ್ಚುವುದು ತಿಪ್ಪೆ ಸಾರಿಸಿದಂತೆ. ಕೆಲಸ ಆಗಬೇಕಾದದ್ದು ಅಡುಗೆಮನೆಯಲ್ಲಿ.

ಪುಣೆಯಲ್ಲಿ ಇನ್ನೊಂದು ವಿಷಯವಿದೆ. ಇಲ್ಲಿ ಕಸ ಆಯುವವರು 1993ರಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್' ಎಂಬ ಸಂಘಟನೆ ಕಟ್ಟಿದರು. ಅದರಿಂದ ಹುಟ್ಟಿದ 'ಸ್ವಚ್ಛ' ಸಹಕಾರ ಸಂಸ್ಥೆ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಿಸುತ್ತದೆ. ಇವರಲ್ಲಿ ಹೆಚ್ಚಿನವರು ಹೆಂಗಸರು, ಬಹುಪಾಲು ದಲಿತ ಸಮುದಾಯದವರು. ಬೆಳಗ್ಗೆ ಬಾಗಿಲಿಗೆ ಬಂದು "ಓಲಾ, ಸುಕಾ" ಎಂದು ಕೇಳುವವರು ಇವರೇ. ನಾವು ಕೊಡುವ ತಿಂಗಳ ಶುಲ್ಕ ಮತ್ತು ಒಣ ಕಸ ಮಾರಿ ಬರುವ ಹಣ, ಇವೇ ಅವರ ಆದಾಯ. ಅಂದರೆ ನಾವು ತೊಳೆಯದೆ ಎಸೆದ ಹಾಲಿನ ಪ್ಯಾಕೆಟ್ಟು ಅವರ ಸಂಪಾದನೆಯಲ್ಲಿ ಖೋತಾ.

ನಮ್ಮ ಸೊಸೈಟಿಗೆ ಬರುವ ತಾಈಯನ್ನು (ಮರಾಠಿಯಲ್ಲಿ ತಾಈ ಎಂದರೆ ಅಕ್ಕ) ಈ ಭಾಷಣಕ್ಕಾಗಿ ಮಾತಾಡಿಸಿದೆ. "ಗಾಜು ಚುಚ್ಚಿದರೆ ರಕ್ತ ಒರೆಸಿಕೊಂಡು ಕೆಲಸ ಮುಂದುವರಿಸ್ತೀವಿ. ಬಿಚ್ಚಿ ಎಸೆದ ಪ್ಯಾಡು ಕೈಗೆ ತಾಗಿದ ದಿನ ಊಟ ಸೇರೋದಿಲ್ಲ" ಅಂದರು. ಮುಟ್ಟಿನ ಬಗ್ಗೆ ಮನೆಯಲ್ಲಿ ಪಿಸುಮಾತಿನಲ್ಲಿ ಆಡುವ ನಾವು, ಅದರ ಬಟ್ಟೆಯನ್ನು ಇನ್ನೊಬ್ಬ ಹೆಂಗಸಿನ ಬರಿಗೈಗೆ ಕೊಡುತ್ತಿದ್ದೇವೆ. ಕಸವನ್ನು ಯಾರಾದರೊಬ್ಬರು ಬೇರ್ಪಡಿಸಲೇಬೇಕು. ಎಸೆಯುವ ಮುಂಚೆ ನಮಗದು ಒಂದು ನಿಮಿಷದ ಕೆಲಸ, ಎಸೆದ ಮೇಲೆ ಅವರಿಗೆ ಇಡೀ ದಿನದ ಕೆಲಸ.

ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸ ಬೇರ್ಪಡಿಸುವ ಹೊಣೆಯನ್ನು ನಮ್ಮ ಮೇಲೆಯೇ ಹೊರಿಸಿವೆ. ಹಾಗಾಗಿ ನನ್ನ ಕೋರಿಕೆಗಳು ಇಷ್ಟೇ. ಹಸಿ, ಒಣ ಕಸ ಬೇರೆ ಬೇರೆ ಇಡಿ. ಹಾಲಿನ ಪ್ಯಾಕೆಟ್ಟು ತೊಳೆದು ಒಣಗಿಸಿ. ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು ಪ್ರತ್ಯೇಕವಾಗಿ ಕೊಡಿ. ಇಲ್ಲಿನ ಕಸ ಆಯುವವರೇ ಕೇಳಿಕೊಂಡಿರುವ ಗುರುತು ಅದು. ಬ್ಲೇಡು, ಒಡೆದ ಗಾಜನ್ನೂ ಸುತ್ತಿ, ಬಾಯಲ್ಲಿ ಹೇಳಿ ಕೊಡಿ. ತಿಂಗಳ ಶುಲ್ಕಕ್ಕೆ ಚೌಕಾಸಿ ಬೇಡ.

ಕೊನೆಯದು ನಮ್ಮ ಸಂಘಕ್ಕೆ: ಈ ಸಲದ ರಾಜ್ಯೋತ್ಸವದ ಊಟ ಬಾಳೆಲೆಯಲ್ಲೋ ಸ್ಟೀಲ್ ತಟ್ಟೆಯಲ್ಲೋ ಆಗಲಿ. ತಟ್ಟೆ ತೊಳೆಯುವ ಸರದಿಯಲ್ಲಿ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ. ಎರಡನೆಯದು ಯಾರಾದರೂ ಗಂಡಸರದ್ದಾಗಲಿ!