ಬ್ಯಾಟರಿ ಮರುಸಂಸ್ಕರಣೆ: ಶೇಕಡಾವಾರಿನಲ್ಲಿ ಕಾಣದ ಲೆಕ್ಕ



ಲಿಥಿಯಂ ಅಯಾನ್ ಬ್ಯಾಟರಿಯ ಮಾತನ್ನು 2019ರ ನೊಬೆಲ್ ಪ್ರಶಸ್ತಿಯಿಂದ ಆರಂಭಿಸುವುದು ರೂಢಿ. ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಆ ಗೌರವಕ್ಕೆ ಅರ್ಹರೇ. ಆದರೆ ಸಂಶೋಧನೆಯ ಮೊದಲ ಮೆಟ್ಟಿಲಲ್ಲಿ ನಿಂತಿರುವವರ ಸಭೆಯಲ್ಲಿ ನೆನೆಯಬೇಕಾದದ್ದು 1997ರ ಒಂದು ಪ್ರಬಂಧವನ್ನು ಎಂದು ನನಗೆ ಅನಿಸುತ್ತದೆ. ಅದರ ಲೇಖಕರು ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ನಡುವಿನ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಲಿಥಿಯಂ ಐರನ್ ಫಾಸ್ಫೇಟನ್ನು ಬ್ಯಾಟರಿಯ ಕ್ಯಾಥೋಡ್ ಆಗಿ ಬಳಸಬಹುದೆಂದು ತೋರಿಸಿಕೊಟ್ಟದ್ದು ಈ ಪ್ರಬಂಧ. ಇದು ಅಗ್ಗ, ವಿಷವಲ್ಲ, ಪರಿಸರಕ್ಕೆ ಹಿತ ಎಂದು ಅವರು ಹೇಳಿದರು. ಕರೆಂಟ್ ಹೆಚ್ಚಿಸಿದರೆ ಸಾಮರ್ಥ್ಯ ಇಳಿಯುತ್ತದೆ, ಹಾಗಾಗಿ ಕಡಿಮೆ ಶಕ್ತಿ ಬೇಡುವ ಕೆಲಸಗಳಿಗೆ ಇದು ತಕ್ಕದ್ದು ಎಂಬುದನ್ನೂ ಮುಚ್ಚಿಡದೆ ಬರೆದರು. ತೊಡಕು ಎಲ್ಲಿದೆ ಎಂದು ಅವರು ತೋರಿಸಿದ್ದರಿಂದಲೇ ಬೇರೆಯವರು ಕಣಗಳನ್ನು ಸಣ್ಣದಾಗಿಸಿ, ಮೇಲೆ ಇಂಗಾಲದ ತೆಳು ಲೇಪ ಕೊಟ್ಟು ಅದನ್ನು ದಾಟಿದರು. ಇವತ್ತು ಜಗತ್ತಿನ ವಿದ್ಯುತ್ ಕಾರುಗಳಿಗೆ ಹೋಗುವ ಬ್ಯಾಟರಿಯಲ್ಲಿ ಸುಮಾರು ಅರ್ಧದಷ್ಟು ಈ ವಸ್ತುವಿನದೇ.

ಈಗ ಇದೇ ವಸ್ತು ಮರುಸಂಸ್ಕರಣೆ ಮಾಡುವವರಿಗೆ ತಲೆನೋವಾಗಿದೆ. ಕಾರಣ ಸರಳ ಅಂಕಗಣಿತ. ಹಳೆಯ ಮೊಬೈಲ್ ಬ್ಯಾಟರಿಯ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಒಂದು ಕಿಲೋ ಇದ್ದರೆ ಅದರಲ್ಲಿ ಸುಮಾರು 600 ಗ್ರಾಂ ಕೋಬಾಲ್ಟ್, 70 ಗ್ರಾಂ ಲಿಥಿಯಂ ಇರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಒಂದು ಕಿಲೋ ತೆಗೆದುಕೊಂಡರೆ ಬೆಲೆ ಬಾಳುವುದು 44 ಗ್ರಾಂ ಲಿಥಿಯಂ ಮಾತ್ರ. ಉಳಿದದ್ದು ಕಬ್ಬಿಣ ಮತ್ತು ಫಾಸ್ಫೇಟ್. ಅದನ್ನು ಗುಜರಿಯವರು ಕೈ ಚಾಚಿ ಕೊಳ್ಳುವುದಿಲ್ಲ. ಬ್ಯಾಟರಿ ಕೆಲಸ ಮಾಡುವಾಗ ಒಳ್ಳೆಯದೆನಿಸಿದ ಗುಣವೇ ಅದು ಸತ್ತ ಮೇಲೆ ಹೊರೆಯಾಗಿ ಕಾಣುತ್ತಿದೆ. ಇದನ್ನು ವಸ್ತುವಿನ ದೋಷವೆಂದು ಬಗೆಯುವ ಮೊದಲು ನಾವು ಹಿಡಿದಿರುವ ಅಳತೆಗೋಲನ್ನು ಪರೀಕ್ಷಿಸಬೇಕು. ನನ್ನ ಇಡೀ ವಾದ ಇರುವುದು ಅಲ್ಲಿಯೇ. ಕಾನೂನಿನಲ್ಲಿ, ಮಾರುಕಟ್ಟೆಯಲ್ಲಿ, ನಮ್ಮ ಪ್ರಯೋಗಾಲಯಗಳಲ್ಲಿ ಮರುಸಂಸ್ಕರಣೆಯನ್ನು ಒಂದೇ ಒಂದು ಸಂಖ್ಯೆಯಿಂದ ಅಳೆಯುತ್ತಿದ್ದೇವೆ: ಎಷ್ಟು ಶೇಕಡಾ ವಾಪಸ್ಸು ಬಂತು. ಈ ಸಂಖ್ಯೆ ಸುಳ್ಳಲ್ಲ, ಆದರೆ ಹೇಳುವುದಕ್ಕಿಂತ ಹೆಚ್ಚನ್ನು ಬಚ್ಚಿಡುತ್ತದೆ. ಯುವ ಸಂಶೋಧಕರು ಅದರ ಬೆನ್ನು ಹತ್ತಿದರೆ ಅವರ ಒಳ್ಳೆಯ ವರ್ಷಗಳು ವ್ಯರ್ಥವಾಗುತ್ತವೆ.

ಮೊದಲು ಕಾನೂನು. ನಮ್ಮ ದೇಶದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಲ್ಲಿ ಜಾರಿಗೆ ಬಂದವು. ಬ್ಯಾಟರಿ ಮಾಡಿ ಮಾರಿದವರೇ ಅದರ ಕೊನೆಯ ಹೊಣೆಯನ್ನೂ ಹೊರಬೇಕೆಂದು ಅವು ವಿಧಿಸಿದವು. ದೊಡ್ಡ ಹೆಜ್ಜೆಯೇ ಸರಿ. ವಿದ್ಯುತ್ ವಾಹನದ ಬ್ಯಾಟರಿಯಿಂದ 2024-25ರಲ್ಲಿ ಶೇ. 70, 2026-27ರಿಂದ ಶೇ. 90ರಷ್ಟು ವಸ್ತು ಮರಳಿ ಸಿಗಬೇಕೆಂಬ ಗುರಿ ಅವುಗಳಲ್ಲಿದೆ. ಆದರೆ ಈ ಶೇಕಡಾ ಬ್ಯಾಟರಿಯ ಒಟ್ಟು ಒಣ ತೂಕದ ಮೇಲೆ. ತೂಕದಲ್ಲಿ ಉಕ್ಕಿನ ಕವಚ, ತಾಮ್ರದ ಹಾಳೆ, ಅಲ್ಯೂಮಿನಿಯಂ, ಗ್ರಾಫೈಟ್ ಎಲ್ಲವೂ ಸಮಾನರು. ಬ್ಯಾಟರಿಯ ಒಟ್ಟು ತೂಕದಲ್ಲಿ ಲಿಥಿಯಂ ಪಾಲು ಒಂದೆರಡು ಶೇಕಡಾ. ಅಷ್ಟನ್ನೂ ಚರಂಡಿಗೆ ಬಿಟ್ಟರೂ ಶೇ. 90ರ ಗುರಿಗೆ ಧಕ್ಕೆ ಬರುವುದಿಲ್ಲ. ಇದು ಬರಿಯ ಊಹೆಯಲ್ಲ. ಕುಲುಮೆಯಲ್ಲಿ ಕರಗಿಸುವ ವಿಧಾನದಲ್ಲಿ ಕೋಬಾಲ್ಟ್, ನಿಕ್ಕಲ್, ತಾಮ್ರ ಮಿಶ್ರಲೋಹವಾಗಿ ಕೆಳಗೆ ಇಳಿಯುತ್ತವೆ, ಗ್ರಾಫೈಟ್ ಉರಿದುಹೋಗುತ್ತದೆ, ಲಿಥಿಯಂ ಅಲ್ಯೂಮಿನಿಯಂ ಜೊತೆ ಕಿಟ್ಟಕ್ಕೆ ಸೇರುತ್ತದೆ. ಅದನ್ನು ಕಿಟ್ಟದಿಂದ ಬಿಡಿಸಲು ಮತ್ತೊಂದು ಕಾರ್ಖಾನೆಯೇ ಬೇಕು. ಯುರೋಪಿಯನ್ ಒಕ್ಕೂಟ 2023ರ ತನ್ನ ಕಾಯಿದೆಯಲ್ಲಿ ಧಾತುವಾರು ಗುರಿ ಇಟ್ಟಿರುವುದು ಇದನ್ನು ಕಂಡೇ: ಲಿಥಿಯಂ 2027ರ ಕೊನೆಗೆ ಶೇ. 50, 2031ರ ಕೊನೆಗೆ ಶೇ. 80, ಕೋಬಾಲ್ಟ್, ನಿಕ್ಕಲ್, ತಾಮ್ರಕ್ಕೆ ಶೇ. 90 ಮತ್ತು 95. ಲಿಥಿಯಂ ಗುರಿ ಉಳಿದವಕ್ಕಿಂತ ಕೆಳಗಿದೆ ಎಂಬುದನ್ನು ಗಮನಿಸಿ. ಯಾವುದು ಕಷ್ಟ ಎಂದು ಆ ಕಾನೂನು ಬರೆದವರಿಗೆ ಗೊತ್ತಿತ್ತು. ಒಟ್ಟು ತೂಕದ ಗುರಿ ಆ ಕಷ್ಟವನ್ನು ತೋರಿಸುವುದೇ ಇಲ್ಲ.

ಇನ್ನು ಪ್ರಯೋಗಾಲಯ. ಮರುಸಂಸ್ಕರಣೆಯ ಪ್ರಬಂಧಗಳಲ್ಲಿ ಶೇ. 98, ಶೇ. 99 ಎಂಬ ಅಂಕಿ ಎಷ್ಟು ಸಾಮಾನ್ಯವಾಗಿದೆಯೆಂದರೆ ಶೇ. 85 ಎಂದು ಬರೆಯಲು ಧೈರ್ಯ ಬೇಕು. ಕ್ಯಾಥೋಡ್ ಪುಡಿಯನ್ನು ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಸಿ ಮಾಡಿದರೆ ಲೋಹ ಕರಗುತ್ತದೆ, ಆ ದ್ರಾವಣವನ್ನು ಅಳೆದು ಅಂಕಿ ಕೊಡುತ್ತೇವೆ. ಸಮೀಕರಣವನ್ನು ಕಾಗದದ ಮೇಲೆ ಪೂರ್ತಿ ಬರೆಯೋಣ. ಎರಡು ಅಣು ಲಿಥಿಯಂ ಕೋಬಾಲ್ಟ್ ಆಕ್ಸೈಡಿಗೆ ಮೂರು ಅಣು ಆಮ್ಲ ಬೇಕು. ಎಂದರೆ ಒಂದು ಕಿಲೋ ಪುಡಿಗೆ ಕನಿಷ್ಠ ಒಂದೂವರೆ ಕಿಲೋ ಆಮ್ಲ. ಆಮೇಲೆ ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ ಹಾಕಿ ಕೋಬಾಲ್ಟನ್ನೂ ಲಿಥಿಯಂ ಅನ್ನೂ ಗಟ್ಟಿಯಾಗಿ ಕೆಳಗಿಳಿಸಿದರೆ ಆ ಆಮ್ಲವೆಲ್ಲ ಎರಡು ಕಿಲೋಗಿಂತ ಹೆಚ್ಚು ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ನಿಲ್ಲುತ್ತದೆ. ಲೋಹಕ್ಕಿಂತ ಉಪ್ಪೇ ಹೆಚ್ಚು. ಐರನ್ ಫಾಸ್ಫೇಟಿನ ಕಥೆ ಬೇರೆ. ಅದೇ ಆಮ್ಲ, ಅದೇ ಪೆರಾಕ್ಸೈಡನ್ನು ಹದವಾಗಿ ಬಳಸಿದರೆ ಲಿಥಿಯಂ ಮಾತ್ರ ಹೊರಬಂದು, ಕಬ್ಬಿಣ ಫಾಸ್ಫೇಟಾಗಿಯೇ ಘನರೂಪದಲ್ಲಿ ಉಳಿಯುತ್ತದೆ. ಒಂದು ಕಿಲೋಗೆ ಆಮ್ಲ 300 ಗ್ರಾಂ ಆಸುಪಾಸು, ಕೊನೆಗೆ ಉಳಿಯುವ ಉಪ್ಪು ಅರ್ಧ ಕಿಲೋಗಿಂತ ಕಡಿಮೆ. ಎರಡರ ಮುಂದೆಯೂ ಶೇ. 99 ಎಂದು ಬರೆಯಬಹುದು. ಆದರೆ ಕಾರ್ಖಾನೆಯ ಹಿಂಬಾಗಿಲಿನಿಂದ ಹೋಗುವ ಉಪ್ಪುನೀರಿನ ಲೆಕ್ಕದಲ್ಲಿ ಎರಡಕ್ಕೂ ನಾಲ್ಕೈದು ಪಟ್ಟು ವ್ಯತ್ಯಾಸ. ಹಿಂದೆ ಉಳಿಯುವುದನ್ನು ಮರೆಯುವುದು ನಮಗೆ ಹೊಸದಲ್ಲ: ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸಯನೈಡ್ ದಿಬ್ಬಗಳು ಅಲ್ಲೇ ಉಳಿದವು. ಎಷ್ಟು ಚಿನ್ನ ತೆಗೆದೆವು ಎಂಬ ಲೆಕ್ಕ ನಮ್ಮಲ್ಲಿ ಚೆನ್ನಾಗಿದೆ. ಏನು ಬಿಟ್ಟುಹೋದೆವು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ವಿಜ್ಞಾನ ಶುದ್ಧ ವಸ್ತುವಿನಿಂದಲೇ ಶುರುವಾಗಬೇಕು, ಎಲ್ಲವನ್ನೂ ಕಲಸಿಟ್ಟರೆ ಯಾವುದರಿಂದ ಏನಾಯಿತೆಂದು ಹೇಳುವುದು ಹೇಗೆ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಶುದ್ಧ ಕ್ಯಾಥೋಡ್ ಪುಡಿಯನ್ನು ಬಾಟಲಿಯಿಂದ ತೆಗೆದು ಆಮ್ಲಕ್ಕೆ ಹಾಕುವುದು ವಿಲೀನತೆಯ ಅಧ್ಯಯನ. ಅದನ್ನು ಮರುಸಂಸ್ಕರಣೆಯ ಅಧ್ಯಯನವೆಂದು ಕರೆಯುವುದು ಸರಿಯಲ್ಲ. ಹಳೆಯ ಬ್ಯಾಟರಿಗಳನ್ನು ಪುಡಿ ಮಾಡಿದಾಗ ಬರುವ ಬ್ಲ್ಯಾಕ್ ಮಾಸ್ ಎಂಬ ಕಪ್ಪು ಪುಡಿಯಲ್ಲಿ ಕ್ಯಾಥೋಡ್, ಗ್ರಾಫೈಟ್, ತಾಮ್ರ ಮತ್ತು ಅಲ್ಯೂಮಿನಿಯಂ ಚೂರು, ಅಂಟಿಸುವ ಪಾಲಿಮರು, ಎಲೆಕ್ಟ್ರೊಲೈಟಿನಿಂದ ಬಂದ ಫ್ಲೋರಿನ್ ಎಲ್ಲ ಸೇರಿರುತ್ತವೆ. ಆ ಫ್ಲೋರಿನ್ ನೀರಿನ ಅಂಶ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ, ಚರ್ಮವನ್ನೂ ಗಾಜನ್ನೂ ತಿನ್ನುತ್ತದೆ. ಶುದ್ಧ ಪುಡಿಯ ಮೇಲೆ ಕೆಲಸ ಮಾಡಿದವರಿಗೆ ಈ ತೊಡಕು ಎದುರಾಗುವುದೇ ಇಲ್ಲ. ಹೊಸ ವಿಜ್ಞಾನ ಇರುವುದೂ ಇಲ್ಲಿಯೇ. ತಾಮ್ರ, ಅಲ್ಯೂಮಿನಿಯಂ ಚೂರುಗಳನ್ನು ಕಲ್ಮಶವೆಂದೇ ಬಹುಕಾಲ ನೋಡಿದ್ದರು. ಆಮ್ಲದಲ್ಲಿ ಅವು ತಾವೇ ಅಪಕರ್ಷಕಗಳಾಗಿ ಕೋಬಾಲ್ಟ್ ಕರಗಲು ನೆರವಾಗುತ್ತವೆ, ಪೆರಾಕ್ಸೈಡಿನ ಖರ್ಚು ಉಳಿಸುತ್ತವೆ ಎಂದು ನಿಜವಾದ ತ್ಯಾಜ್ಯವನ್ನು ಮುಟ್ಟಿದವರಿಗೆ ಗೊತ್ತಾಯಿತು. ಶುದ್ಧ ಪುಡಿಯಲ್ಲಿ ಎಷ್ಟು ವರ್ಷ ದುಡಿದರೂ ಇದು ಕಾಣುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಅನುಭವಸ್ಥರಿಂದ ಬರುತ್ತದೆ. ಇನ್ವರ್ಟರಿನ ಸೀಸದ ಬ್ಯಾಟರಿಯನ್ನು ನೋಡಿ, ಒಂದೂ ಬೀದಿಯಲ್ಲಿ ಬೀಳುವುದಿಲ್ಲ, ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಮುರಿಯುತ್ತಾರೆ, ಬಹುಪಾಲು ಮರಳಿ ಕರಗುತ್ತದೆ, ಲಿಥಿಯಂನದೂ ಹಾಗೆಯೇ ಆಗುತ್ತದೆ ಬಿಡಿ ಎಂದು. ಸೀಸದ ಬ್ಯಾಟರಿ ನನ್ನ ವಾದಕ್ಕೇ ಸಾಕ್ಷಿ. ಶೇಕಡಾವಾರು ಲೆಕ್ಕದಲ್ಲಿ ಅದರಷ್ಟು ಯಶಸ್ವಿ ಮರುಸಂಸ್ಕರಣೆ ಮತ್ತೊಂದಿಲ್ಲ. ಅದೇ ಕೆಲಸವನ್ನು ಮನೆಯಂಗಳದಲ್ಲಿ ಮಾಡಿದ ಸೆನೆಗಲ್ ದೇಶದ ಡಕಾರ್ ಹೊರವಲಯದ ತಿಯಾರಾಯ್‌ನಲ್ಲಿ 2007ರ ಕೊನೆಯಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸೀಸದ ವಿಷಕ್ಕೆ ಬಲಿಯಾದರು. ಸೀಸ ಪೂರ್ತಿ ವಾಪಸ್ಸು ಬಂದಿತ್ತೆಂದೇ ಇಟ್ಟುಕೊಳ್ಳಿ, ಅಂಕಿಗೆ ಕುಂದಿಲ್ಲ. ಸೀಸವಾದರೂ ಒಂದೇ ಲೋಹ, ಬೇಗ ಕರಗುತ್ತದೆ. ಲಿಥಿಯಂ ಬ್ಯಾಟರಿಯೊಳಗೆ ಹತ್ತಾರು ವಸ್ತುಗಳಿವೆ, ಚಾರ್ಜ್ ಉಳಿದಿದ್ದರೆ ಬಿಚ್ಚುವಾಗಲೇ ಹೊತ್ತಿಕೊಳ್ಳಬಹುದು. ಗುಜರಿ ಅಂಗಡಿಯ ಹುಡುಗನ ಕೈಯಲ್ಲಿ ಸುತ್ತಿಗೆ ಬಿಟ್ಟರೆ ಇನ್ನೇನೂ ಇರುವುದಿಲ್ಲ ಎಂಬುದನ್ನು ಮರೆತು ಮಾಡಿದ ಪ್ರಕ್ರಿಯೆ ಕಾಗದದ ಮೇಲೆ ಎಷ್ಟು ಚೆನ್ನಾಗಿದ್ದರೇನು?

ಮಾರುಕಟ್ಟೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ, ಲಾಭವಿಲ್ಲದ ಐರನ್ ಫಾಸ್ಫೇಟಿನ ಮೇಲೆ ಯುವಕರು ಏಕೆ ಸಮಯ ಹಾಕಬೇಕು ಎಂಬ ಮಾತೂ ಇದೆ. ಮಾರುಕಟ್ಟೆಯ ಮಾತು ಎಷ್ಟು ನಿಲ್ಲುತ್ತದೆ ಎಂದು ನೋಡಿ. ಚೀನಾದಲ್ಲಿ ಲಿಥಿಯಂ ಕಾರ್ಬೊನೇಟಿನ ಬೆಲೆ 2022ರ ಕೊನೆಗೆ ಟನ್ನಿಗೆ ಆರು ಲಕ್ಷ ಯುವಾನ್ ಹತ್ತಿರಕ್ಕೆ ಏರಿತ್ತು. 2024ರ ಆರಂಭಕ್ಕೆ ಒಂದು ಲಕ್ಷದ ಆಚೀಚೆ ಬಂದು ನಿಂತಿತು. ಐದು ವರ್ಷದ ಪಿಎಚ್.ಡಿ. ಕೆಲಸವನ್ನು ಹೀಗೆ ಕುಣಿಯುವ ಬೆಲೆಗೆ ಕಟ್ಟಿಹಾಕುವುದು ಜಾಣತನವಲ್ಲ. ಬೆಲೆಯ ಮೇಲೆ ನಿಲ್ಲದ ದಾರಿಯೊಂದಿದೆ. ಕ್ಯಾಥೋಡಿನ ಹರಳುರಚನೆಯನ್ನು ಒಡೆಯದೆ, ಅದು ಕಳೆದುಕೊಂಡ ಲಿಥಿಯಂ ಅನ್ನಷ್ಟೇ ತುಂಬಿ ಮತ್ತೆ ಬಳಕೆಗೆ ತರುವ ನೇರ ಮರುಸಂಸ್ಕರಣೆ ಅದು. ಮನೆ ಸುಣ್ಣ ಹಳೆಯದಾಯಿತೆಂದು ಗೋಡೆಯನ್ನೇ ಕೆಡವುವುದಿಲ್ಲವಲ್ಲ, ಹಾಗೆ. ಇದಕ್ಕೂ ಒಂದು ನ್ಯಾಯವಾದ ಟೀಕೆಯುಂಟು: ಹತ್ತು ವರ್ಷ ಹಳೆಯ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಕ್ಯಾಥೋಡಿಗೆ ಜೀವ ತುಂಬಿದರೆ ಅದು ಹತ್ತು ವರ್ಷ ಹಿಂದಿನ ಪ್ರಮಾಣದ ಕ್ಯಾಥೋಡೇ, ಉದ್ಯಮ ಅಷ್ಟರಲ್ಲಿ ನಿಕ್ಕಲ್ ಹೆಚ್ಚಿಸಿಕೊಂಡು ಮುಂದೆ ಹೋಗಿರುತ್ತದೆ. ನಿಕ್ಕಲ್ ಬ್ಯಾಟರಿಗಳ ಮಟ್ಟಿಗೆ ಈ ಟೀಕೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಐರನ್ ಫಾಸ್ಫೇಟಿಗೆ ಮಾತ್ರ ಅದು ತಾಗುವುದಿಲ್ಲ. 1997ರ ಸೂತ್ರವೇ ಇವತ್ತಿನದೂ. ಬೆಲೆಯಿಲ್ಲವೆಂದು ಬದಿಗಿಟ್ಟ ವಸ್ತುವೇ ನೇರ ಮರುಸಂಸ್ಕರಣೆಗೆ ಹೆಚ್ಚು ಒಗ್ಗುವಂಥದ್ದು. ಧಾತು ಹೊರತೆಗೆದ ಶೇಕಡಾವನ್ನೇ ಅಳೆಯುತ್ತಿದ್ದರೆ ಈ ದಾರಿಗೆ ಅಂಕವೇ ಸಿಗುವುದಿಲ್ಲ, ಏಕೆಂದರೆ ಇಲ್ಲಿ ಯಾವ ಧಾತುವನ್ನೂ ಹೊರತೆಗೆಯುವುದಿಲ್ಲ.

ಪರಿಸ್ಥಿತಿ ಬಿಟ್ಟು ಸಂಖ್ಯೆ ಮಾತ್ರ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮಂಡ್ಯವೇ ಉದಾಹರಣೆ. ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರ ಆರಂಭದಲ್ಲಿ ಸುದ್ದಿಯಾಯಿತು. ಬಿಳಿಚಿನ್ನ ಎಂದರು, ಭೂಮಿಗೆ ಬೆಲೆ ಬಂತೆಂದರು. ಆಮೇಲೆ ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆಯ ಆಧಾರದಲ್ಲಿ ಸರ್ಕಾರ ಹೇಳಿದ್ದು 1,600 ಟನ್, ಅದೂ ಊಹಿತ (ಇನ್‌ಫರ್ಡ್) ಎಂಬ ವರ್ಗದಲ್ಲಿ. ಪತ್ರಿಕೆಗಳನ್ನು ದೂರಿ ಪ್ರಯೋಜನವಿಲ್ಲ. ನಾವು ಬರೆಯುವ ಪ್ರಬಂಧಗಳ ಸಾರಾಂಶವೂ ಇದಕ್ಕಿಂತ ಬೇರೆಯಾಗಿಲ್ಲ.

ಉಳಿದಿರುವುದು ಯುವ ಸಂಶೋಧಕರದೇ ಆಕ್ಷೇಪ, ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು ಅದೇ. ಫೆಲೋಶಿಪ್ ಐದು ವರ್ಷಕ್ಕೆ ಮುಗಿಯುತ್ತದೆ, ಕಪ್ಪು ಪುಡಿಯನ್ನು ಕಂಪನಿಗಳು ಕೊಡುವುದಿಲ್ಲ, ಕೊಟ್ಟರೂ ಒಂದು ಚೀಲದ್ದು ಇನ್ನೊಂದರಂತೆ ಇರುವುದಿಲ್ಲ, ಶೇ. 80 ಎಂದು ಬರೆದರೆ ಪತ್ರಿಕೆ ತಿರಸ್ಕರಿಸುತ್ತದೆ, ಪ್ರಬಂಧವಿಲ್ಲದೆ ಕೆಲಸವಿಲ್ಲ. ಇದೆಲ್ಲ ನಿಜ. ಹಾಗಾಗಿ ಧೈರ್ಯ ಮಾಡಿ ಎಂದು ಅವರಿಗೆ ಉಪದೇಶ ಮಾಡುವುದು ಹಿರಿಯರಿಗೆ ಶೋಭಿಸುವುದಿಲ್ಲ; ಏರ್ಪಾಡು ಮಾಡಬೇಕಾದವರು ನಾವು. ಅಮೆರಿಕದಲ್ಲಿ 2019ರಲ್ಲಿ ಆರ್ಗಾನ್ ಪ್ರಯೋಗಾಲಯದ ನೇತೃತ್ವದಲ್ಲಿ ರಿಸೆಲ್ ಕೇಂದ್ರ ಆರಂಭವಾದದ್ದು ಹಲವು ಸಂಸ್ಥೆಗಳು ಬ್ಯಾಟರಿ ಮರುಸಂಸ್ಕರಣೆಯ ಸಂಶೋಧನೆಯನ್ನು ಕೂಡಿ ಮಾಡಲೆಂದೇ. ನಮ್ಮಲ್ಲಿ ಹಣವಿಲ್ಲ ಎನ್ನುವಂತೆಯೂ ಇಲ್ಲ. ನಿರ್ಣಾಯಕ ಖನಿಜಗಳ ಮರುಸಂಸ್ಕರಣೆಗೆಂದು ಕೇಂದ್ರ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ 1,500 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅದು ಕಾರ್ಖಾನೆಗಳಿಗೆ ಹೋಗುವ ಪ್ರೋತ್ಸಾಹಧನ. ಅದನ್ನು ಪಡೆಯುವ ಕಾರ್ಖಾನೆ ತನ್ನ ಕಪ್ಪು ಪುಡಿಯ ಮಾದರಿಯನ್ನು, ವಿಶ್ಲೇಷಣೆಯ ಚೀಟಿಯ ಸಮೇತ, ವಿಶ್ವವಿದ್ಯಾಲಯಗಳಿಗೆ ಕೊಡಬೇಕೆಂಬ ಒಂದು ಷರತ್ತು ಸೇರಿಸಿದರೆ ಬೊಕ್ಕಸಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಬೆಂಗಳೂರು, ಹೈದರಾಬಾದ್, ಕಾರೈಕುಡಿ, ಜಮ್ಷೆಡ್‌ಪುರದ ವಿದ್ಯಾರ್ಥಿಗಳು ಒಂದೇ ಮಾದರಿಯ ಮೇಲೆ ಕೆಲಸ ಮಾಡಿದರೆ ಅವರ ಅಂಕಿಗಳನ್ನು ಮೊದಲ ಸಲ ಅಕ್ಕಪಕ್ಕ ಇಟ್ಟು ನೋಡಬಹುದು. ಆಗ ಶೇ. 80 ನಾಚಿಕೆಯ ಅಂಕಿಯಾಗಿ ಉಳಿಯುವುದಿಲ್ಲ.

ಈ ಸಂಕಿರಣದ ಗೋಷ್ಠಿಗಳನ್ನು ನಡೆಸಲಿರುವ ಅಧ್ಯಕ್ಷರಲ್ಲಿ, ನಾಳೆ ಯುವ ಸಂಶೋಧಕರ ಪ್ರಬಂಧಗಳ ಮೌಲ್ಯಮಾಪನಕ್ಕೆ ಕೂರಲಿರುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಒಬ್ಬ ವಿದ್ಯಾರ್ಥಿನಿ ಪರದೆಯ ಮೇಲೆ ಶೇ. 99 ತೋರಿಸಿದಾಗ ಚಪ್ಪಾಳೆಗೆ ಮೊದಲು ಅದು ಯಾವ ಪುಡಿಯಿಂದ ಬಂತು, ಎಷ್ಟು ಆಮ್ಲ ಹೋಯಿತು, ಕೊನೆಯ ನೀರಿನಲ್ಲಿ ಏನಿತ್ತು ಎಂದು ಕೇಳಿ. ಇನ್ನೊಬ್ಬಳು ನಿಜವಾದ ತ್ಯಾಜ್ಯದಿಂದ ಶೇ. 80 ತೆಗೆದು, ಉಳಿದ 20 ಎಲ್ಲಿ ಹೋಯಿತೆಂದು ಗ್ರಾಂ ಲೆಕ್ಕದಲ್ಲಿ ತೋರಿಸಿದರೆ ಹೆಚ್ಚಿನ ಅಂಕವನ್ನು ಆಕೆಗೆ ಕೊಡಿ.